ಹೆಡತಲೆಯ ಅವಳಿಗಳಿಗೆ ಬಿದ್ದ ಸೊನ್ನೆ

ಕೊರೊನಾ ಮುಗಿದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ ಎರಡನೆಯ ವರ್ಷ ಅದು. ನಾನಾಗ ತಿ. ನರಸೀಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಅನುವಂಶೀಯತೆಯ ಪಾಠವನ್ನು ಪುಸ್ತಕ ತೆರೆಯದೆ ಮಾಡಬಲ್ಲೆ ಎಂಬ ಹೆಮ್ಮೆ ನನಗಿತ್ತು. ಕಟ್ಟುನಿಟ್ಟಿನ ಮೇಡಂ ಎಂದು ಹೆಸರೂ ಬಿದ್ದಿತ್ತು, ಆ ಹೆಸರು ನನಗೆ ಇಷ್ಟವೇ ಆಗಿತ್ತು.

ನಮ್ಮ ಪ್ರಥಮ ಪಿಯುಸಿಯಲ್ಲಿ ಸುಜಾತ ಎಂಬ ಹುಡುಗಿಯಿದ್ದಳು. ನಂಜನಗೂಡು ತಾಲ್ಲೂಕಿನ ಹೆಡತಲೆಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳ ಅವಳಿ ಸೋದರಿ ಯಶೋಧರಾ ನಂಜನಗೂಡಿನ ಇನ್ನೊಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಳು. ತಂದೆ ರಾಚಯ್ಯ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಅಕ್ಕತಂಗಿಯರು ಒಂದೇ ಅಂಡದಿಂದ ಹುಟ್ಟಿದವರು, ಅಂದರೆ ಇಬ್ಬರ ಡಿಎನ್ಎ ಒಂದೇ. ಮೊದಲ ಸಲ ಯಶೋಧರಾ ನಮ್ಮ ಕಾಲೇಜಿಗೆ ಬಂದಾಗ ನಾನು ಅವಳನ್ನೇ ಸುಜಾತ ಎಂದುಕೊಂಡು, 'ಕ್ಲಾಸು ಬಿಟ್ಟು ಇಲ್ಲೇನು ಮಾಡ್ತಿದೀಯ?' ಎಂದು ಗದರಿದ್ದೆ. ಅವಳು ಬಾಯಿ ಬಿಡದೆ ನಿಂತಳು. ಒಳಗಿನಿಂದ ಓಡಿಬಂದ ಸುಜಾತ, 'ಅವ್ಳು ನಾನಲ್ಲ ಮೇಡಂ' ಎಂದಳು.

ನಂಜನಗೂಡಿನ ಖಾಸಗಿ ಕಾಲೇಜೊಂದು ಆ ವರ್ಷ ವಿಜ್ಞಾನ ಸ್ಪರ್ಧೆ ಏರ್ಪಡಿಸಿತ್ತು. ವೈಜ್ಞಾನಿಕ ಕಥೆಯ ಕಂಪ್ಯೂಟರ್ ಗೇಮ್ ತಯಾರಿಸುವುದು ಅದರಲ್ಲಿ ಒಂದು ವಿಭಾಗ. ಬೇರೆ ಬೇರೆ ಕಾಲೇಜಿನವರು ಸೇರಿ ತಂಡ ಕಟ್ಟಬಹುದಿತ್ತು. ಸುಜಾತ ಅರ್ಜಿ ಹಿಡಿದು ಬಂದಾಗ, 'ಗೇಮ್ ಆಡೋಕೆ ನಿಮ್ಮಪ್ಪ ಹಾಸ್ಟೆಲಿಗೆ ಸೇರಿಸಿದ್ದಾರಾ?' ಎಂದು ಕೇಳಿದೆ. ಅವಳು ಜಗ್ಗಲಿಲ್ಲ. 'ಒಂದ್ಸಲ ಆಡಿ ನೋಡಿ ಮೇಡಂ, ಆಮೇಲ್ ಬೈಯಿರಿ' ಎಂದಳು.

ಆಡಿದೆ. ದೂರದ ಗ್ರಹಕ್ಕೆ ಹೊರಟ ಒಂದು ನೌಕೆ. ಅದರಲ್ಲಿ ಒಂದೇ ಜೀವಕೋಶದಿಂದ ಬೆಳೆಸಿದ ನಾಲ್ವರು ಅಕ್ಕತಂಗಿಯರು. ಅವರಲ್ಲಿ ಒಬ್ಬಳು ಕುಡಿಯುವ ನೀರಿನ ತೊಟ್ಟಿಯನ್ನು ಖಾಲಿ ಮಾಡಿಬಿಟ್ಟಿದ್ದಾಳೆ. ಯಾರೆಂದು ನೌಕೆಯ ವೈದ್ಯೆ ಕಂಡುಹಿಡಿಯಬೇಕು, ಆಟ ಆಡುವವರೇ ಆ ವೈದ್ಯೆ. ಡಿಎನ್ಎ ಯಂತ್ರಕ್ಕೆ ಏನು ಕೊಟ್ಟರೂ 'ನಾಲ್ವರೂ' ಎನ್ನುತ್ತದೆ. ಆಗ ಬೆರಳಚ್ಚು, ಹಳೆಯ ಗಾಯದ ಕಲೆ, ನಡಿಗೆ, ಇವುಗಳನ್ನು ಹಿಡಿದು ಹುಡುಕಬೇಕು. ಮೊದಲ ಪ್ರತಿಯಲ್ಲಿ ನಾಲ್ವರ ಮಚ್ಚೆಗಳೂ ಒಂದೇ ಜಾಗದಲ್ಲಿದ್ದವು, ಅದು ತಪ್ಪೆಂದು ತಿದ್ದಿಸಿದೆ. ಮೂರು ವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸುಜಾತಳನ್ನು ಕೂರಿಸಿಕೊಂಡು ಒಂದೊಂದೇ ಪರೀಕ್ಷಿಸಿದೆ. ಎರಡು ಶನಿವಾರ ಯಶೋಧರಾಳೂ ಬಂದಿದ್ದಳು. ನಾನು ಯಾರನ್ನು ಕೇಳಿದರೂ ಉತ್ತರ ಸುಜಾತಳಿಂದಲೇ ಬರುತ್ತಿತ್ತು. ಅದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ.

ಸ್ಪರ್ಧೆಯಲ್ಲಿ ನೂರಕ್ಕೆ ನಲವತ್ತು ಅಂಕ 'ವೈಜ್ಞಾನಿಕ ಸಂಭಾವ್ಯತೆ'ಗೆ. ಕಥೆ ಕಲ್ಪನೆಯದಾಗಿರಬಹುದು, ಆದರೆ ಅದರೊಳಗಿನ ವಿಜ್ಞಾನ ನಮಗೆ ಗೊತ್ತಿರುವ ನಿಯಮಗಳನ್ನು ಮುರಿಯಬಾರದು ಎಂಬುದು ಅದರ ಅರ್ಥ. ಆ ನಲವತ್ತೂ ನಮ್ಮದೇ ಎಂದು ನಾನು ನಂಬಿದ್ದೆ.

ಸ್ಪರ್ಧೆಯ ದಿನ ನರಸೀಪುರದಿಂದ ಬೆಳಿಗ್ಗೆಯ ಬಸ್ಸು ಹಿಡಿದು ನಾನೂ ಸುಜಾತಳೂ ನಂಜನಗೂಡು ಸೇರಿದೆವು. ಯಾರು ಯಾವ ಕಾಲೇಜಿನವರೆಂದು ತೀರ್ಪುಗಾರರಿಗೆ ತಿಳಿಯಬಾರದೆಂದು ಸಮವಸ್ತ್ರ ಬೇಡ ಎಂದಿದ್ದರು. ಎಲ್ಲರ ಎದೆಯ ಮೇಲೂ ಬರೀ ನಂಬರಿನ ಬಿಲ್ಲೆ. ಮೊದಲು ಮೇಜಿನ ಮುಂದೆ ಆಟದ ಪ್ರದರ್ಶನ. ಆಮೇಲೆ ತಂಡದ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹತ್ತು ನಿಮಿಷದ ಮೌಖಿಕ ಸಂದರ್ಶನ. ಸಂದರ್ಶನದ ಕೋಣೆಯ ಬಾಗಿಲಲ್ಲಿ ನೀಟ್ ಪರೀಕ್ಷೆಯ ಹಾಗೆ ಹಾಜರಿ ಹಾಳೆಯ ಮೇಲೆ ಸಹಿ, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು. ಮಾರ್ಗದರ್ಶಕರಿಗೆ ಒಳಗೆ ಪ್ರವೇಶವಿಲ್ಲ. ನಾವು ಉಪನ್ಯಾಸಕರೆಲ್ಲ ಬೇರೆ ಕೋಣೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆವು.

ಮಧ್ಯಾಹ್ನ ಮೂರಕ್ಕೆ ಅಂಕಪಟ್ಟಿ ಅಂಟಿಸಿದರು. ನಮ್ಮ ತಂಡಕ್ಕೆ ವೈಜ್ಞಾನಿಕ ಸಂಭಾವ್ಯತೆಯಲ್ಲಿ ನಲವತ್ತಕ್ಕೆ ಸೊನ್ನೆ. ಪಕ್ಕದಲ್ಲಿ ಷರಾ: 'ಒಂದೇ ಡಿಎನ್ಎ ಇರುವವರ ಬೆರಳಚ್ಚು ಬೇರೆಯಾಗಿರುವುದು ಅಸಾಧ್ಯ. ಮೂಲಭೂತ ದೋಷ.'

ನನಗೆ ರಕ್ತ ತಲೆಗೇರಿತು. ತೀರ್ಪುಗಾರರ ಕೋಣೆಗೆ ನೇರವಾಗಿ ನುಗ್ಗಿದೆ. ಮೂವರಲ್ಲಿ ಮುಖ್ಯಸ್ಥರು ರಾಜಶೇಖರ್, ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಕಾಲೇಜಿನ ಹೆಸರು ಹೇಳಿ ಪರಿಚಯ ಮಾಡಿಕೊಂಡೆ. ಕೂರಿ ಎನ್ನಲಿಲ್ಲ.

'ಈ ಷರಾ ಬರೆದವರು ಯಾರು?'

'ನಾನೇ. ಯಾಕೆ?'

'ಇದು ತಪ್ಪು. ಬೆರಳಚ್ಚನ್ನ ಜೀನ್ ಒಂದೇ ತೀರ್ಮಾನ ಮಾಡೋದಿಲ್ಲ.'

ಅವರು ನಕ್ಕರು. 'ಜೆರಾಕ್ಸ್ ತೆಗೆದರೆ ಅಕ್ಷರ ಬದಲಾಗುತ್ತೇನ್ರೀ ಮೇಡಂ? ನಿಮ್ಮ ಹುಡುಗೀರೂ ಜೆರಾಕ್ಸೇ. ಒಳಗೆ ಇಬ್ಬರೂ ಒಂದಕ್ಷರ ಬಿಡದ ಹಾಗೆ ಒಂದೇ ಉತ್ತರ ಹೇಳಿದ್ರು. ನೀವೇ ಉರು ಹೊಡೆಸಿರಬೇಕು.'

ಆ ಮಾತಿಗೆ ನಾನು ತಾಳ್ಮೆ ಕಳೆದುಕೊಂಡೆ. ನಿಮಗೆ ಗೊತ್ತಿಲ್ಲದ ವಿಷಯಕ್ಕೆ ತೀರ್ಪುಗಾರರಾಗಿ ಬರಬಾರದಿತ್ತು ಎಂದೆ. ನೀವು ಕಾಲೇಜಿನ ಹೆಸರು ಹೇಳಿ ನಿಯಮ ಮುರಿದಿದ್ದೀರಿ ಎಂದು ಅವರು ದನಿ ಎತ್ತಿದರು. ಸದ್ದು ಕೇಳಿ ಬಾಗಿಲಲ್ಲಿ ಜನ ಸೇರಿತು. ಆ ಕಾಲೇಜಿನ ಸಂಚಾಲಕರೂ ಬಂದರು. 'ಸಾಬೀತು ಮಾಡ್ತೀನಿ, ಒಂದು ಇಂಕ್ ಪ್ಯಾಡು, ಒಂದು ಭೂತಗನ್ನಡಿ ತರಿಸಿ' ಎಂದು ಅವರಿಗೆ ಹೇಳಿ, ಹುಡುಗಿಯರನ್ನು ಕರೆಯಲು ಹೊರಗೆ ಬಂದೆ.

ಇಬ್ಬರೂ ಕಾರಿಡಾರಿನ ಕೊನೆಯಲ್ಲಿ ನಿಂತಿದ್ದರು. ವಿಷಯ ಹೇಳಿದೆ. ಸುಜಾತಳ ಮುಖ ಬಿಳಿಚಿಕೊಂಡಿತು.

'ಬ್ಯಾಡ ಮೇಡಂ. ಸೊನ್ನೆನೇ ಇರ್ಲಿ. ಹೋಗ್ಬುಡವ.'

'ಹೆದರ್ತೀಯಾ? ನಿಮಗೋಸ್ಕರ ಅಲ್ಲಿ ಜಗಳ ಆಡ್ತಿದೀನಿ ನಾನು.'

'ನಿಮ್ ಕಾಲಿಗ್ ಬೀಳ್ತೀನಿ ಮೇಡಂ, ಬ್ಯಾಡ.'

ಯಶೋಧರಾ ಏನೋ ಹೇಳಲು ಬಾಯಿ ತೆರೆದಳು. ನಾನು ಕಾಯಲಿಲ್ಲ. ಹಳ್ಳಿ ಮಕ್ಕಳ ಅಂಜಿಕೆ ಎಂದುಕೊಂಡು ಇಬ್ಬರನ್ನೂ ಕೈಹಿಡಿದು ಒಳಗೆ ಕರೆತಂದೆ.

ಬಿಳಿ ಹಾಳೆಯ ಮೇಲೆ ಇಬ್ಬರ ಎಡಗೈ ಹೆಬ್ಬೆಟ್ಟು ಒತ್ತಿಸಿದೆ. ಅವಳಿಗಳ ಬೆರಳಚ್ಚು ಹಲವು ಸಲ ಮೇಲುನೋಟಕ್ಕೆ ಹತ್ತಿರಹತ್ತಿರ ಇರುತ್ತದೆ, ವ್ಯತ್ಯಾಸವನ್ನು ಸೂಕ್ಷ್ಮವಾಗಿ ಹುಡುಕಬೇಕಾಗುತ್ತದೆ. ಈ ಇಬ್ಬರಲ್ಲಿ ಹಾಗಿರಲಿಲ್ಲ. ಸುಜಾತಳ ಹೆಬ್ಬೆರಳಲ್ಲಿ ಗೆರೆಗಳು ಸುತ್ತಿ ಸುತ್ತಿ ಸುಳಿಯಾಗಿದ್ದವು. ಯಶೋಧರಾಳದು ಕುಣಿಕೆ, ಗೆರೆಗಳು ಒಂದು ಬದಿಯಿಂದ ಬಂದು ಬಾಗಿ ಅದೇ ಬದಿಗೆ ಮರಳಿದ್ದವು. ಭೂತಗನ್ನಡಿಯೂ ಬೇಕಾಗಲಿಲ್ಲ. ಗರ್ಭದ ಮೂರು, ನಾಲ್ಕನೆಯ ತಿಂಗಳಲ್ಲಿ ಈ ಗೆರೆಗಳು ಮೂಡುತ್ತವೆ, ಜೀನ್ ಒಂದೇ ಇದ್ದರೂ ಒಂದೊಂದು ಮಗು ಮಲಗಿದ ಭಂಗಿ, ಬೆರಳ ಮೇಲೆ ಬಿದ್ದ ಒತ್ತಡ ಬೇರೆ, ಅದಕ್ಕೇ ಗೆರೆಯೂ ಬೇರೆ ಎಂದು ಕೋಣೆಯಲ್ಲಿದ್ದವರಿಗೆಲ್ಲ ಪಾಠ ಮಾಡಿದೆ. ಉಳಿದ ಇಬ್ಬರು ತೀರ್ಪುಗಾರರು ತಲೆಯಾಡಿಸಿದರು. ಗೆದ್ದೆ ಎಂಬ ಬಿಸಿ ನನ್ನ ಮೈಯಲ್ಲಿತ್ತು.

ರಾಜಶೇಖರ್ ಹಾಳೆಯನ್ನು ಎತ್ತಿ ಬಹಳ ಹೊತ್ತು ನೋಡಿದರು.

'ಒಪ್ಪಿದೆ ಮೇಡಂ. ನನ್ನದು ತಪ್ಪು. ಇಬ್ಬರ ಬೆರಳೂ ಬೇರೆ. ಹಾಗಾದ್ರೆ ಬೆಳಗಿನ ಹಾಜರಿ ಹಾಳೆ ತರಿಸೋಣ.'

ತರಿಸಿದರು. ಸುಜಾತಳ ಹೆಸರಿನ ಮುಂದೆ ಸುಳಿ. ಯಶೋಧರಾಳ ಹೆಸರಿನ ಮುಂದೆಯೂ ಸುಳಿ.

ಹೇಗೆ ಓದಬೇಕೆಂದು ಐದು ನಿಮಿಷದ ಹಿಂದೆ ನಾನೇ ಎಲ್ಲರಿಗೂ ಕಲಿಸಿದ್ದೆ. ಆದರೂ ರಾಜಶೇಖರ್ ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟು, 'ನೀವೇ ಹೇಳಿಬಿಡಿ' ಎಂದರು. ನೋಡಿದೆ. ಒಂದು ಗೆರೆ ಕವಲೊಡೆಯುವ ಜಾಗ ಎರಡರಲ್ಲೂ ಒಂದೇ. ಶಾಯಿ ಮಸುಕಾಗಿದೆ, ಹೇಳಲಾಗದು ಎನ್ನಬಹುದಿತ್ತು. ಆ ಸುಳ್ಳು ನಾಲಗೆಯ ತುದಿಯವರೆಗೂ ಬಂದಿತ್ತು.

'ಎರಡೂ ಸುಜಾತಳದು' ಎಂದೆ.

ಸುಜಾತ ನನ್ನನ್ನು ನೋಡಿದ ನೋಟವನ್ನು ನಾನು ವರ್ಣಿಸಲಾರೆ.

ಆಗ ಮಾತಾಡಿದವಳು ಯಶೋಧರಾ. ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. 'ನ... ನ... ನಾನೇ ಕಳ್ಸಿದ್ದು ಸರ್' ಎಂಬ ಮೂರು ಪದಕ್ಕೆ ಅವಳು ಪಟ್ಟ ಪಾಡು ನೋಡಲಾಗದು. ಕತ್ತಿನ ನರ ಉಬ್ಬಿತ್ತು. ಕಣ್ಣು ಮುಚ್ಚಿಕೊಂಡು, ಪ್ರತಿ ಪದಕ್ಕೂ ತಡೆದು ತಡೆದು ನಡೆದದ್ದನ್ನೆಲ್ಲ ಅವಳೇ ಹೇಳಿದಳು. ಬೆಳಿಗ್ಗೆ ಪ್ರದರ್ಶನದ ಮೇಜಿನ ಬಳಿ ರಾಜಶೇಖರ್ ಅವಳನ್ನು ಪ್ರೋಗ್ರಾಮಿನ ಬಗ್ಗೆ ಕೇಳಿದ್ದರು. ಪ್ರೋಗ್ರಾಮ್ ಪೂರ್ತಿ ಬರೆದವಳು ಅವಳೇ. ಉತ್ತರ ಹೊರಡಲಿಲ್ಲ. 'ಏನಮ್ಮ, ಗೇಮ್ ಚೆನ್ನಾಗಿ ಓಡ್ತಿದೆ, ನೀನೇ ಹ್ಯಾಂಗ್ ಆಗಿದೀಯಲ್ಲ' ಎಂದಿದ್ದರಂತೆ. ಸುತ್ತ ನಿಂತವರು ನಕ್ಕಿದ್ದರು. ಅದೇ ಮನುಷ್ಯರ ಮುಂದೆ ಒಬ್ಬಳೇ ಹತ್ತು ನಿಮಿಷ ಕೂರಲಾರೆ ಎಂದು ಅವಳು ಅತ್ತಳು. ಇಬ್ಬರೂ ದುಪಟ್ಟಾ, ಬಿಲ್ಲೆ ಬದಲಾಯಿಸಿಕೊಂಡರು. ಬಾಗಿಲಲ್ಲಿ ಹೆಬ್ಬೆಟ್ಟು ಕೇಳುತ್ತಾರೆಂದು ಅವರಿಗೆ ಗೊತ್ತಾದದ್ದು ಸುಜಾತ ಮೊದಲ ಸಲ ಒಳಗೆ ಹೋದಾಗ. ಎರಡನೆಯ ಸಲ ಹಿಂದೆಗೆಯುವ ಮೊದಲೇ ಗುಮಾಸ್ತ ಅವಳ ಬೆರಳು ಹಿಡಿದು ಒತ್ತಿಸಿಬಿಟ್ಟಿದ್ದ.

ರಾಜಶೇಖರ್ ಮುಖ ಆ ಕಡೆ ತಿರುಗಿಸಿದರು, ಕ್ಷಮೆ ಮಾತ್ರ ಕೇಳಲಿಲ್ಲ. 'ಒಬ್ಬರ ಬದಲು ಒಬ್ಬರು ಕೂತದ್ದು ಅಪರಾಧ. ತಂಡ ರದ್ದು, ಎರಡು ಕಾಲೇಜಿಗೂ ಪತ್ರ ಹೋಗುತ್ತೆ' ಎಂದರು.

ರದ್ದಾಗಬೇಕಾದದ್ದೇ. ನಾನು ವಿರೋಧಿಸಲಿಲ್ಲ. ಆದರೆ ಆ ಸೊನ್ನೆ ಮತ್ತು ಷರಾ ಹಾಗೇ ಉಳಿಯಬಾರದು ಎಂದು ಪಟ್ಟು ಹಿಡಿದೆ.

'ರದ್ದಾದ ತಂಡಕ್ಕೆ ಅಂಕ ಯಾಕೆ ಮೇಡಂ?'

'ಅಂಕ ಬೇಡ. ಷರಾ ಹೊಡೆದುಹಾಕಿ. ಇವರು ಮೋಸ ಮಾಡಿದ್ದು ಬಾಗಿಲಲ್ಲಿ, ಗೇಮಿನಲ್ಲಿ ಅಲ್ಲ. ಮೋಸ ಹಿಡಿದದ್ದೂ ಅವರ ಗೇಮಿನ ವಿಜ್ಞಾನದಿಂದಲೇ.'

ಅರ್ಧ ಗಂಟೆ ಕಾದಾಡಿದ ಮೇಲೆ ಅವರು ಷರಾದ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ಅಂಕದ ಜಾಗದಲ್ಲಿ 'ಪರಿಗಣಿಸಿಲ್ಲ' ಎಂದು ಬರೆದರು. ಮಗುವನ್ನು ಎಲ್ಲರ ಮುಂದೆ ಹಂಗಿಸಿದ ವಿಷಯ ಎತ್ತಿದಾಗ, 'ನನಗೇನು ಗೊತ್ತಿತ್ತು? ಫಾರ್ಮಿನಲ್ಲಿ ಬರೆಯಬೇಕಿತ್ತು' ಎಂದು ನಿಯಮಾವಳಿಯನ್ನು ನನ್ನ ಮುಂದೆ ತಳ್ಳಿದರು. ಅಲ್ಲಿ ಸ್ಪಷ್ಟವಾಗಿತ್ತು: ಮಾತಿನ ಅಥವಾ ಶ್ರವಣದ ತೊಂದರೆ ಇರುವವರು ಮುಂಚಿತವಾಗಿ ತಿಳಿಸಿದರೆ ಲಿಖಿತ ಉತ್ತರಕ್ಕೆ ಅವಕಾಶವಿದೆ. ಫಾರ್ಮ್ ತುಂಬಿದ್ದು ನಾನು. ಆ ಕಾಲಮಿನಲ್ಲಿ ಇಬ್ಬರ ಹೆಸರಿನ ಮುಂದೆಯೂ 'ಇಲ್ಲ' ಎಂದು ನನ್ನದೇ ಅಕ್ಷರ.

ಪತ್ರ ಬಂತು. ಪ್ರಿನ್ಸಿಪಾಲರು ಸುಜಾತಳಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ತಂದೆಯನ್ನು ಕರೆಸಿದರು. ರಾಚಯ್ಯ ಒಂದು ದಿನದ ಕೆಲಸ ಬಿಟ್ಟು ಬಂದಿದ್ದರು. ಪ್ರಿನ್ಸಿಪಾಲರ ಕೋಣೆಯಿಂದ ಹೊರಬಂದವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಒಳಗೆ ಬನ್ನಿ ಎಂದೆ, ಬರಲಿಲ್ಲ.

'ನಮ್ಮೆಣ್ಮಕ್ಳು ತಪ್ ಮಾಡವ್ರೆ, ಇಲ್ಲ ಅನ್ನಲ್ಲ. ಆದ್ರೆ ಬ್ಯಾಡ ಮೇಡಂ ಅಂತ ಕಾಲಿಗ್ ಬೀಳಕ್ ಬಂದ್ಲಂತಲ್ಲ. ಯಾಕ್ ಬ್ಯಾಡ ಅಂತೀಯವ್ವ ಅಂತ ಒಂದ್ ಮಾತ್ ಕೇಳಕ್ಕಾಗ್ನಿಲ್ವ?'

ಉತ್ತರಕ್ಕೆ ಅವರು ಕಾಯಲಿಲ್ಲ, ತಿರುಗಿ ಹೊರಟರು.

ಉಳಿದ ಒಂದೂವರೆ ವರ್ಷ ಸುಜಾತ ನನ್ನ ತರಗತಿಯ ಮೂರನೆಯ ಬೆಂಚಿನಲ್ಲೇ ಕೂತಳು. ಕೇಳಿದ್ದಕ್ಕೆ ಎದ್ದು ಸರಿಯಾದ ಉತ್ತರ ಹೇಳಿ ಕೂರುತ್ತಿದ್ದಳು, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಎರಡು ಸಲ ಕರೆದು ಮಾತಾಡಲು ನೋಡಿದೆ. 'ಕ್ಲಾಸಿಗ್ ಟೈಮಾಯ್ತು ಮೇಡಂ' ಎಂದು ಹೊರಟುಬಿಟ್ಟಳು. ಪರೀಕ್ಷೆಯಲ್ಲಿ ಜೀವಶಾಸ್ತ್ರದಲ್ಲಿ ಅವಳದೇ ನಮ್ಮ ಕಾಲೇಜಿನ ಅತಿ ಹೆಚ್ಚು ಅಂಕ. ಅದನ್ನು ನನ್ನ ಪಾಠದ ಫಲ ಎಂದುಕೊಳ್ಳುವ ಧೈರ್ಯ ನನಗಾಗಲಿಲ್ಲ.

ಯಶೋಧರಾ ಮಾತ್ರ ಮರುವರ್ಷ ಅದೇ ಸ್ಪರ್ಧೆಗೆ ಒಬ್ಬಳೇ ಹೋದಳು. ಲಿಖಿತ ಉತ್ತರದ ಕೋರಿಕೆಯನ್ನು ಅವಳ ಕಾಲೇಜಿನವರು ಕಳಿಸಿದರೋ ಇಲ್ಲವೋ ಎಂದು ನಾನು ನಂಜನಗೂಡಿಗೆ ಹೋಗಿ ವಿಚಾರಿಸಿದೆ. ಕಳಿಸಿರಲಿಲ್ಲ. ಅಲ್ಲಿಯೇ ಕೂತು ಬರೆಸಿ ಕಳಿಸಿದೆ. ಅವಳಿಗೆ ಬಹುಮಾನ ಬರಲಿಲ್ಲ, ಐದನೆಯ ಸ್ಥಾನ. ಆದರೆ ಅವಳ ಹತ್ತು ನಿಮಿಷ ಅವಳದೇ ಆಗಿತ್ತು.

ಟಿಸಿ ತೆಗೆದುಕೊಳ್ಳಲು ಬಂದ ದಿನ ಸುಜಾತ ತಾನಾಗಿ ನನ್ನ ಮೇಜಿನ ಬಳಿ ಬಂದಳು. 'ನೀವು ಅವತ್ತು ಸುಳ್ ಹೇಳಿದ್ರೆ ನಾವ್ ಬಚಾವಾಗ್ತಿದ್ವಿ' ಎಂದಳು.

'ಹೌದು.'

'ಸುಳ್ ಹೇಳ್ಬಾರ್ದು ಅಂತ ನಂಗೂ ಗೊತ್ತು. ಆದ್ರೂ ಸಿಟ್ ಹೋಗಿಲ್ಲ ಮೇಡಂ.'

ಇರಲಿ ಎಂದೆ.

ನಾನು ಈಗ ನಿವೃತ್ತಳು. ಹಾಜರಿ ಹಾಳೆಯ ಬಗ್ಗೆ ಹೇಳಿದ ನಿಜಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಕಾರಿಡಾರಿನಲ್ಲಿ ಆಡಿದ ಮಾತಿಗೆ. ಮಕ್ಕಳ ಪರ ಜಗಳವಾಡುವುದೇ ಮಕ್ಕಳನ್ನು ಕಾಯುವುದು ಎಂದು ಅಷ್ಟು ವರ್ಷ ನಂಬಿಕೊಂಡಿದ್ದೆ. ಮೂರು ವಾರ ಇಬ್ಬರ ಆಟವನ್ನು ಪರೀಕ್ಷಿಸಿದ ನನಗೆ, ಅವರಲ್ಲಿ ಒಬ್ಬಳು ಒಂದು ಮಾತನ್ನೂ ಆಡಿಲ್ಲ ಎಂಬುದು ತಿಳಿಯಲಿಲ್ಲ. ಯಾವ ಮಗುವಾದರೂ 'ಬೇಡ' ಎಂದರೆ, ಹೆಜ್ಜೆ ಮುಂದಿಡುವ ಮೊದಲು 'ಯಾಕೆ?' ಎಂದು ಕೇಳಿ ಉತ್ತರ ಬರುವವರೆಗೆ ನಿಲ್ಲಬೇಕು. ಆ ಉತ್ತರ ಎಷ್ಟೇ ತಡೆದು ತಡೆದು ಬಂದರೂ ಸರಿ.