ಕಾಸೀಮಸಾಬರು ಅಗಲ ಮಾಡಿದ ಗೂಡು

ಮೂಡಲಗಿಯಲ್ಲಿ ಟಿ.ವಿ. ರಿಪೇರಿ ಮಾಡುವ ಕಾಸೀಮಸಾಬರ ಅಂಗಡಿಯ ಅಟ್ಟದ ಮೇಲೆ ಈಗಲೂ ಒಂದು ತಗಡಿನ ಪೆಟ್ಟಿಗೆ ಇದೆ. ಹರೆಯದಲ್ಲಿ ಅವರು ಸಣ್ಣದೊಂದು ಕಪ್ಪು-ಬಿಳುಪು ಟಿ.ವಿ., ಕ್ಯಾಸೆಟ್ ಹಾಕುವ ವಿಡಿಯೋ ಗೇಮು, ಕಾರಿನ ಬ್ಯಾಟರಿ ಎಲ್ಲವನ್ನೂ ಅದರೊಳಗೆ ಕೂಡಿಸಿ, ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಸಂತೆಗಳಿಗೆ ಒಯ್ಯುತ್ತಿದ್ದರು. ಮಸಗುಪ್ಪಿಯಲ್ಲಿ, ಮಮದಾಪುರದಲ್ಲಿ ಮಕ್ಕಳು ಅದರ ಸುತ್ತ ಮುಕುರಿಕೊಳ್ಳುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ಅದೇ ಗೇಮಿನ ವಾಯರನ್ನು ದೊಡ್ಡ ಟಿ.ವಿ.ಗೆ ಹಚ್ಚಿದರೆ ಮನೆಮಂದಿಯೆಲ್ಲ ಆಡಬಹುದಿತ್ತು.

ಮನೆಗೆ ಬಂದ ಕೂಡಲೇ ಬ್ಯಾಟರಿಯನ್ನು ಚಾರ್ಜಿಗೆ ಹಾಕುತ್ತಿದ್ದರು, ಮರುದಿನದ ಸಂತೆಯವರೆಗೂ ತೆಗೆಯುತ್ತಿರಲಿಲ್ಲ. ಕರೆಂಟು ಬಂದಾಗ ಬಂದಷ್ಟು ತುಂಬಿಕೊಳ್ಳಲಿ ಎಂಬ ಲೆಕ್ಕ. ಇದು ಅವರೊಬ್ಬರ ರೂಢಿಯಲ್ಲ. ನಮ್ಮ ಕಡೆ ಹೊಲದ ಮೋಟರಿನ ಸ್ವಿಚ್ಚು ಕೂಡ ಹಾಕಿಯೇ ಇರುತ್ತದೆ, ಕರೆಂಟು ಬಂದರೆ ತಾನಾಗಿ ಶುರುವಾಗಲಿ ಎಂದು.

ಆ ಸಂತೆಯ ಮಕ್ಕಳಲ್ಲಿ ಶ್ರೀಶೈಲನೂ ಒಬ್ಬ. ಈಗ ಗೋಕಾಕದಲ್ಲಿ ಅವನದು ಬಟ್ಟೆ ಅಂಗಡಿ. ಕಳೆದ ಯುಗಾದಿಯ ಸುಮಾರಿಗೆ ಮಗಳು ಸುಮನ್‌ಳಿಗಾಗಿ ಯಾರೋ ಬಳಸಿ ಬಿಟ್ಟ ಗೇಮಿನ ಯಂತ್ರವೊಂದನ್ನು ಕೊಂಡು, ಕಾಸೀಮಸಾಬರಿಗೆ ತೋರಿಸಲೆಂದೇ ಮೂಡಲಗಿಗೆ ತಂದ. ಕೈಯಲ್ಲಿ ಹಿಡಿದೂ ಆಡಬಹುದು, ಟಿ.ವಿ. ಪಕ್ಕದ ಪ್ಲಾಸ್ಟಿಕ್ ಗೂಡಿನಲ್ಲಿ ನಿಲ್ಲಿಸಿದರೆ ದೊಡ್ಡ ಪರದೆಯ ಮೇಲೂ ಆಡಬಹುದು. ಗೂಡಿನಲ್ಲಿ ಇರುವಷ್ಟು ಹೊತ್ತು ಚಾರ್ಜೂ ಆಗುತ್ತದೆ.

“ಇಂಥಾದ್ದು ಹಿಂದ ಯಾರೂ ಮಾಡಿಲ್ರಿ ಕಾಕಾ” ಎಂದ.

“ಮತ್ತ ಮಸಗುಪ್ಪಿ ಸಂತಿಯಾಗ ನೀ ಆಡಿದ್ದು ಏನಪಾ? ನಿಮ್ಮವ್ವ ಕಿವಿ ಹಿಡದು ಎಳಕೊಂಡು ಹೋಗಿದ್ದು ಮರ್ತಿಯೇನು?”

“ಆ ಪೆಟ್ಟಿಗಿ ಹೊರಾಕ ಒಂದು ಎತ್ತು ಬೇಕಿತ್ತಲ್ರಿ.”

“ಸಣ್ಣದು ಮಾಡ್ಯಾರ, ಅಷ್ಟ. ಸಣ್ಣದು ಮಾಡಿದ್ರ ಹೊಸಾದು ಆಗೂದಿಲ್ಲ.”

ಇಬ್ಬರೂ ನಕ್ಕರು. ಹೋಗುವಾಗ ಶ್ರೀಶೈಲ ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಕೇಳಿದ. ಬ್ಯಾಟರಿ ಹಸಿದಿರಬಾರದು, ಆಟ ಮುಗಿದ ಕೂಡಲೇ ಗೂಡಿಗೆ ಹಾಕಿಬಿಡು, ಸ್ವಿಚ್ಚು ತೆಗೆಯಬೇಡ ಎಂದು ಕಾಸೀಮಸಾಬರು ಹೇಳಿಕೊಟ್ಟರು.

ಬೇಸಿಗೆ ಏರಿತು. ಶ್ರೀಶೈಲನ ಮನೆಯ ಮಹಡಿಯ ಕೋಣೆಗೆ ತಗಡಿನ ಹೊದಿಕೆ. ಗೂಡು ಇದ್ದದ್ದು ಅಲ್ಲಿ, ಸುಮನ್ ಮಲಗುವ ಹಾಸಿಗೆಯ ಮೇಲಿನ ಕಟ್ಟಿಗೆಯ ಹಲಗೆಯಲ್ಲಿ.

ಮೇ ತಿಂಗಳಲ್ಲೊಂದು ದಿನ ಮುಂಜಾನೆ ಶ್ರೀಶೈಲ ಯಂತ್ರವನ್ನೂ ಗೂಡನ್ನೂ ಚೀಲದಲ್ಲಿ ಹಾಕಿಕೊಂಡು ಮತ್ತೆ ಬಂದ. ಈಗ ಅದು ಗೂಡಿನೊಳಗೆ ಇಳಿಯುತ್ತಿರಲಿಲ್ಲ. ಕಾಸೀಮಸಾಬರು ಯಂತ್ರದ ಬೆನ್ನು ಸವರಿ ನೋಡಿದರು. ನಡುವೆ ತುಸು ಉಬ್ಬಿತ್ತು. ಸೆಕೆಗೆ ಪ್ಲಾಸ್ಟಿಕ್ಕು ಸೊಟ್ಟಗಾಗಿದೆ ಎಂದುಕೊಂಡರು. ಕಳಿತ ಬಾಳೆಹಣ್ಣಿನಂಥ ವಾಸನೆಯೂ ಬಂತು. ಚೀಲದಲ್ಲಿ ಹಣ್ಣು ಇದ್ದಿರಬೇಕು ಎಂದುಕೊಂಡು ಕೇಳಲಿಲ್ಲ. ಅರ ತೆಗೆದುಕೊಂಡು ಗೂಡಿನ ಒಳಬದಿಯನ್ನು ನಯವಾಗಿ ಉಜ್ಜಿ ಅಗಲ ಮಾಡಿದರು. ಯಂತ್ರ ಬಿಗಿಯಾಗಿ ಕುಳಿತಿತು. ಶ್ರೀಶೈಲ ಖುಷಿಯಿಂದ ಗೋಕಾಕಕ್ಕೆ ಹೋದ.

ಕಾಸೀಮಸಾಬರ ಮಗಳು ಫರೀನ ಅದೇ ಅಂಗಡಿಯ ಇನ್ನೊಂದು ಅರ್ಧದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾಳೆ. ಕಾಸೀಮಸಾಬರು ಮೊಬೈಲ್ ಮುಟ್ಟುವವರಲ್ಲ. ಅಂದು ಅವಳು ಸಾಮಾನು ತರಲು ಹುಕ್ಕೇರಿಗೆ ಹೋಗಿದ್ದಳು. ಇಳಿಹೊತ್ತಿಗೆ ಬಂದವಳಿಗೆ ಅವರು ಅರದ ಕೆಲಸವನ್ನು ಹುರುಪಿನಿಂದ ಹೇಳಿದರು. ಅವಳು ಅರ್ಧ ಕುಡಿದ ಚಹಾ ಕೆಳಗಿಟ್ಟಳು.

“ಅಬ್ಬಾ, ಬೆನ್ನು ಉಬ್ಬಿತ್ತೇನು?”

“ತುಸು.”

“ವಾಸನಿ?”

“ಚೀಲದಾಗ ಬಾಳಿಹಣ್ಣು ಇತ್ತು ಅನಕೊಂಡೆ” ಎಂದರು. ಅವಳು ತನ್ನ ಮೇಜಿನ ಕೆಳಗಿನಿಂದ ಮರಳು ತುಂಬಿದ ಡಬ್ಬಿ ತೆಗೆದು, ಅದರಲ್ಲಿದ್ದ ಕೆಟ್ಟ ಮೊಬೈಲ್ ಬ್ಯಾಟರಿಯನ್ನು ತೋರಿಸಿದಳು. ದಿಂಬಿನ ಹಾಗೆ ಉಬ್ಬಿತ್ತು. ಅದೇ ವಾಸನೆ.

ಇದು ನಿಮ್ಮ ಕಾರಿನ ಬ್ಯಾಟರಿಯ ಜಾತಿಯಲ್ಲ, ಸೆಕೆಯಲ್ಲಿ ಹಗಲೂ ರಾತ್ರಿ ತುಂಬಿಸುತ್ತ ಇಟ್ಟರೆ ಉಬ್ಬುತ್ತದೆ, ಉಬ್ಬಿದ್ದನ್ನು ಒತ್ತಿ ಕೂರಿಸಿದರೆ ಹೊತ್ತಿಕೊಳ್ಳುತ್ತದೆ ಎಂದು ಅವಳು ಹೇಳುತ್ತಿರುವಾಗಲೇ ಅವರು ಶ್ರೀಶೈಲನಿಗೆ ಫೋನ್ ಹಚ್ಚಿದ್ದರು. ಫೋನ್ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ.

ಫರೀನಳ ಸ್ಕೂಟಿಯಲ್ಲಿ ಇಬ್ಬರೂ ಹೊರಟರು. ಮಧ್ಯಾಹ್ನದಿಂದ ಕರೆಂಟು ಇರಲಿಲ್ಲ, ಅದೊಂದೇ ಸಮಾಧಾನ. ಗೋಕಾಕ ಇನ್ನೂ ಅರ್ಧ ದಾರಿ ಇರುವಾಗ ರಸ್ತೆಯ ಬದಿಯ ಹಿಟ್ಟಿನ ಗಿರಣಿಯೊಂದು ಗರ್ರೆಂದು ಶುರುವಾಯಿತು. ಮುಂದೆ ಹೊಲದಲ್ಲಿ ಯಾರೂ ಮುಟ್ಟದ ಮೋಟರು ನೀರು ಉಗುಳಿತು. ಕರೆಂಟು ಬಂದಿತ್ತು. ಫರೀನ ಸ್ಕೂಟಿಯನ್ನು ಇನ್ನಷ್ಟು ಜೋರು ಮಾಡಿದಳು.

ಬಾಗಿಲಲ್ಲಿ ಶ್ರೀಶೈಲನ ತಾಯಿ ಶಿವಗಂಗವ್ವ ಕಾಳು ಹಸನು ಮಾಡುತ್ತ ಕುಳಿತಿದ್ದಳು. “ಏನ್ರಿ ಕಾಸೀಮಣ್ಣ, ಹಾದಿ ತಪ್ಪಿ ಬಂದ್ರೇನು?” ಎಂದಳು. ಅವರು ಚಪ್ಪಲಿ ಕೂಡ ಬಿಡದೆ ಮಹಡಿ ಹತ್ತಿದರು.

ಸುಮನ್ ಗೋಡೆಯ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದಳು. ಅವಳ ತಲೆಯ ಮೇಲಿನ ಹಲಗೆಯಲ್ಲಿ ಯಂತ್ರದ ಪರದೆ ಒಂದು ಮೂಲೆಯಲ್ಲಿ ಚೌಕಟ್ಟು ಬಿಟ್ಟು ಎದ್ದಿತ್ತು. ಚಾರ್ಜಿನ ದೀಪ ಉರಿಯುತ್ತಿತ್ತು. ಕಾಸೀಮಸಾಬರು ಪಿನ್ನು ಕಿತ್ತರು. ಯಂತ್ರವನ್ನು ಎಳೆದರೆ ಬರಲಿಲ್ಲ, ಅವರೇ ಮಾಡಿಕೊಟ್ಟ ಜಾಗದಲ್ಲಿ ಅದು ಗಚ್ಚಾಗಿ ಕಚ್ಚಿಕೊಂಡಿತ್ತು. ಗೂಡು ಸಮೇತ ಎತ್ತಿಕೊಂಡು ಇಳಿದರು. ಅಂಗೈ ಸುಡುತ್ತಿತ್ತು. ಬಾಜೂ ಮನೆ ಕಟ್ಟಲು ಸುರಿದಿದ್ದ ಉಸುಕಿನ ಗುಂಪಿಯಲ್ಲಿ ಅದನ್ನಿಟ್ಟು ಫರೀನ ಎರಡೂ ಕೈಯಿಂದ ಉಸುಕು ಎಳೆದಳು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಶಿವಗಂಗವ್ವ ಮೊರ ಹಿಡಿದುಕೊಂಡೇ ಹೊರಗೆ ಬಂದು, ಇದೆಂಥ ಹುಚ್ಚಾಟ ಎನ್ನುವಂತೆ ನೋಡಿದಳು. ಆಮೇಲೆ ಉಸುಕಿನ ಒಳಗಿನಿಂದ ಸಿಳ್ಳಿನಂಥ ಸಪ್ಪಳ ಬಂತು. ಬೆಳ್ಳನೆಯ ಹೊಗೆ ಎದ್ದಿತು, ಅದರ ಹಿಂದೆ ಬೆಂಕಿ. ಆಕೆ ಮೊರ ಬಿಟ್ಟು ಮೊಮ್ಮಗಳ ಹೆಸರು ಕೂಗುತ್ತ ಮಹಡಿಗೆ ಓಡಿದಳು.

ಅಂಗಡಿಯಲ್ಲಿ ಗಿರಾಕಿಗಳ ಗದ್ದಲದಲ್ಲಿ ಫೋನ್ ಕೇಳಿಸದಿದ್ದ ಶ್ರೀಶೈಲ ಸುದ್ದಿ ತಿಳಿದು ಓಡಿಬಂದಾಗ ಉಸುಕು ಕರ‍್ರಗಾಗಿತ್ತು. ಅವನು ಮಗಳನ್ನು ಎತ್ತಿಕೊಂಡ.

“ಇದೇನು ಹೊಸಾದಲ್ಲ ಅಂದಿದ್ರಲ್ರಿ ಕಾಕಾ” ಎಂದ, ಸಣ್ಣ ದನಿಯಲ್ಲಿ.

“ಆಟ ಹಳೇದಪಾ. ಹೊಟ್ಟಿಯೊಳಗಿಂದು ಹೊಸಾದಿತ್ತು. ಅದನ್ನ ನಾ ನೋಡಲಿಲ್ಲ.”

ಕಾಸೀಮಸಾಬರ ಅಂಗೈಯ ಸುಟ್ಟ ಗಾಯ ಮಾಯ್ದಿದೆ. ಆದರೆ ಬ್ಯಾಟರಿ ಹಸಿದಿರಬಾರದು ಎಂಬ ಮಾತನ್ನು ಅವರು ಹೇಳಿದ್ದು ಶ್ರೀಶೈಲನೊಬ್ಬನಿಗಲ್ಲ. ಅಂಗಡಿಗೆ ಬಂದವರಿಗೆ, ಮದುವೆಯ ಪಂಕ್ತಿಯಲ್ಲಿ ಕೂತವರಿಗೆ, ಬೆಲ್ಲದ ಬಾಗೇವಾಡಿಯ ಬೀಗರಿಗೆ, ಬಸ್ಸಿನಲ್ಲಿ ಬಾಜೂ ಕುಳಿತವರಿಗೆ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ನೆನಪಾದವರಿಗೆಲ್ಲ ಫೋನ್ ಮಾಡಿದರು. ಉಳಿದವರ ಮುಖ ನೆನಪಿದೆ, ಊರು ನೆನಪಿಲ್ಲ. ಈಗ ಹೋದ ಕರೆಂಟು ತಿರುಗಿ ಬಂದು ಓಣಿಯ ಗಿರಣಿ ಗರ್ರೆಂದಾಗ ಅವರ ಕೈಯ ಕೆಲಸ ನಿಲ್ಲುತ್ತದೆ.