ನೊರೆ ತೆಗೆಯುವ ಜವರಪ್ಪ
ಹೊಳಲಿನ ಜವರಪ್ಪನವರದು ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲದ ನೊರೆ ತೆಗೆದು ಪಳಗಿದ ಕೈ. ಅವರು ವಾಟ್ಸಾಪಿನ ಕವಿಬಳಗಕ್ಕೆ ಸೇರಿದ ದಿನವೇ ಅಲ್ಲಿನ ಕವಿಗಳ ಸುಖ ಮುಗಿಯಿತು. ಯಾರು ಪದ್ಯ ಹಾಕಿದರೂ ಉಳಿದವರು ‘ಸೂಪರ್ ಸಾರ್’ ಎಂದು ಕೈಮುಗಿದರೆ, ಇವರು ಹಲ್ಲುಜ್ಜುತ್ತಲೇ ‘ನೊರೆ ಜಾಸ್ತಿ ಕಣ್ಲಾ, ಮೊದಲ್ನೇ ಸಾಲು ತಗುದ್ಬುಡು’ ಎಂದು ಬರೆಯುವರು. ಬಳಗದ ಹುಡುಗ, ಬಂಡೂರಿನ ಸ್ವಾಮಿಯ ಪದ್ಯದಲ್ಲಿ ಕುರಿಯನ್ನು ಉಳಿಸಿ ಚಂದ್ರನನ್ನು ಅಟ್ಟಿದವರು ಇವರೇ. ಇವರ ಪದ್ಯಕ್ಕೆ ಮಾತ್ರ ಎಲ್ಲರೂ ಹೆದರಿ ಬರೀ ಕೈಮುಗಿಯುತ್ತಿದ್ದರು. ತಮ್ಮ ಪದ್ಯದ ನೊರೆಯನ್ನೂ ಯಾರಾದರೂ ತೆಗೆಯಲಿ ಎಂಬ ಹಟ ಬಿಡದ ಜವರಪ್ಪ ಕೊನೆಗೆ ಹೆಂಡತಿ ದೇವಿರಮ್ಮನ ಫೋನಿನಿಂದ, ಅವಳ ಹೆಸರಲ್ಲೇ ಪದ್ಯ ಹಾಕಿ ಕಾದರು. ‘ಕೊನೇ ಸಾಲು ಬ್ಯಾಡ ಕಣಕ್ಕ, ಅದಿಲ್ದೇನೇ ಚೆನ್ನಾಗದೆ’ ಎಂದು ಸ್ವಾಮಿ ಬರೆದ. ಜವರಪ್ಪ ಆ ಸಾಲು ಬಿಟ್ಟು ಮತ್ತೆ ಓದಿಕೊಂಡರು. ಫೋನು ಕೇಳಲು ಬಂದ ಹೆಂಡತಿಗೆ, ‘ತಡಿ ಕಣಮ್ಮಿ, ಇವತ್ತು ಒಬ್ಬ ಓದವ್ನೆ’ ಎಂದರು.