ತುರ್ತುಚೀಲದ ಪರೀಕ್ಷೆ

೨೦೦೧ನೆಯ ಇಸವಿ. ನನಗಾಗ ನಲವತ್ತೇಳು ವರ್ಷ ತುಂಬಿತ್ತು. ಗಂಟಲಿನ ತೊಂದರೆಯಿಂದಾಗಿ ಪ್ರೌಢಶಾಲೆಯ ಕನ್ನಡ ಅಧ್ಯಾಪಕನ ಕೆಲಸವನ್ನು ಬಿಟ್ಟು ಎರಡು ವರ್ಷಗಳಾಗಿದ್ದವು; ಬೆಳಗಾವಿಯ ಟಿಳಕವಾಡಿಯಲ್ಲಿದ್ದ ಮನೆಯಲ್ಲಿ ಕುಳಿತು ಮುದ್ರಣಾಲಯವೊಂದಕ್ಕೆ ಕರಡು ತಿದ್ದಿಕೊಡುತ್ತಿದ್ದೆ. ಆ ವರ್ಷದ ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ ನನ್ನ ಬಿಡುವನ್ನೆಲ್ಲ ತಿಂದುಹಾಕಿದ್ದು ಒಂದೇ ಪ್ರಶ್ನೆ: ಕಾಡಿನಲ್ಲಿ ದಾರಿ ತಪ್ಪಿ ಮಳೆಗೆ ಸಿಕ್ಕಿದ ಮನುಷ್ಯನ ಮೈಯನ್ನು ಬೆಳಗಿನವರೆಗೆ ಬೆಚ್ಚಗೆ ಕಾಪಾಡಬಲ್ಲ, ಆದರೆ ಬೆನ್ನಿಗೆ ಭಾರವೆನಿಸದ ಚೀಲ ಯಾವುದು?

ಪ್ರಶ್ನೆ ನನ್ನದಾಗಿದ್ದರೂ ಉತ್ತರ ಬೇಕಾಗಿದ್ದುದು ಖಾನಾಪುರದಲ್ಲಿದ್ದ ನನ್ನ ಗೆಳೆಯನಿಗೆ. ಆತ ನನಗಿಂತ ಏಳು ವರ್ಷ ಹಿರಿಯ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಹೆಂಚಿನ ಕಾರ್ಖಾನೆಯ ಭಟ್ಟಿಯ ಮುಂದೆ ಇಪ್ಪತ್ತೆಂಟು ವರ್ಷ ದುಡಿದವನು. ತಿಂಗಳಿಗೊಂದು ಭಾನುವಾರ ನಾನು ಬೆಳಗಿನ ರೈಲಿನಲ್ಲಿ ಖಾನಾಪುರಕ್ಕೆ ಹೋಗುವುದು, ಇಬ್ಬರೂ ಜಾಂಬೋಟಿಯ ಬಸ್ಸು ಹತ್ತಿ ಕಾಡಿನ ಅಂಚಿನಲ್ಲಿ ಇಳಿಯುವುದು, ಸಂಜೆಯವರೆಗೆ ನಡೆಯುವುದು: ಹನ್ನೊಂದು ವರ್ಷ ಈ ಕ್ರಮ ತಪ್ಪಿರಲಿಲ್ಲ. ವಾರವೆಲ್ಲ ಭಟ್ಟಿಯ ಹೊಗೆ ಕುಡಿದ ಎದೆಗೆ ಆ ಒಂದು ದಿನದ ಗಾಳಿಯೇ ಔಷಧ ಎಂದು ಆತ ಹೇಳುತ್ತಿದ್ದ.

ಹಿಂದಿನ ವರ್ಷದ ಅಕ್ಟೋಬರಿನಲ್ಲಿ ನಾವು ಹಿಂದಿರುಗುವ ದಾರಿಯನ್ನು ತಪ್ಪಿದೆವು. ಮುಗಿಯಿತೆಂದುಕೊಂಡಿದ್ದ ಮಳೆ ಮರಳಿ ಬಂತು. ಕತ್ತಲಾದ ಮೇಲೆ ನಡೆಯುವುದು ಅಪಾಯವೆಂದು ಒಂದು ಮರದ ಬುಡದಲ್ಲಿ ಕುಳಿತೆವು. ನನ್ನ ಹಲ್ಲುಗಳು ಒಂದಕ್ಕೊಂದು ಬಡಿಯತೊಡಗಿದಾಗ ಗೆಳೆಯ ತನ್ನ ಕಂಬಳಿಯನ್ನು ತೆಗೆದು ನನಗೆ ಹೊದಿಸಿದ. ನಾನು ಬೇಡವೆನ್ನಲಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು: ನಾನು ಬೇಡವೆನ್ನಲಿಲ್ಲ. ನನಗೆ ನೆಗಡಿಯಷ್ಟೇ ಆಯಿತು. ಆತನಿಗೆ ನ್ಯುಮೋನಿಯಾ ಆಗಿ ನೆಹರು ನಗರದ ಆಸ್ಪತ್ರೆಯಲ್ಲಿ ಹದಿನಾರು ದಿನ ಮಲಗಬೇಕಾಯಿತು. ಬಿಡುಗಡೆಯಾಗುವಾಗ ವೈದ್ಯರು ಎರಡು ಮಾತು ಹೇಳಿದರು. ಮೈ ನೆನೆಯಬಾರದು, ಬೆನ್ನ ಮೇಲೆ ಭಾರ ಹೊರಬಾರದು. ಹಾಗಾಗಿ ಕಂಬಳಿಯ ದಾರಿಯೂ ಮುಚ್ಚಿತು. ನೆಂದ ಕಂಬಳಿಯ ಭಾರ ಹೊತ್ತವರಿಗೇ ಗೊತ್ತು.

ಮೇ ತಿಂಗಳಲ್ಲಿ ನಾನು ಅವರ ಮನೆಗೆ ಹೋದಾಗ ಆತ ಕಟ್ಟೆಯ ಮೇಲೆ ಕುಳಿತು ಜಾಂಬೋಟಿಯ ಬಸ್ಸು ಹಾದುಹೋಗುವುದನ್ನೇ ನೋಡುತ್ತಿದ್ದ. ಮುಖ ಇಳಿದಿತ್ತು. ಎದೆ ವಾಸಿಯಾಗಿದ್ದರೂ ಆ ಬಸ್ಸು ಹತ್ತಲು ಅಪ್ಪಣೆಯಿರಲಿಲ್ಲ. ಅಪ್ಪಣೆ ಕೊಡಬೇಕಾದವರು ಆತನ ಹೆಂಡತಿ, ನಾನು ವೈನಿ ಎಂದು ಕರೆಯುವವರು.

“ನಡದಾಡ್ರಿ ಅಂತ ಡಾಕ್ಟರ್ರೇ ಹೇಳ್ಯಾರ, ವೈನಿ,” ಎಂದೆ.

“ಇಲ್ಲೇ ಸ್ಟೇಶನ್ ತನಾ ನಡೀಲಿ. ಯಾರ ಬ್ಯಾಡ ಅಂದಾರ?” ಎಂದರು. ಚಹಾದ ಕಪ್ಪನ್ನು ನನ್ನ ಮುಂದೆ ಇಟ್ಟರು. “ನೋಡ್ರಿ ಮಾಸ್ತರ್ರ, ಅಡವಿ ಬಿಟ್ರ ಇವರು ಬದುಕೂದಿಲ್ಲ, ಅದು ನನಗೂ ತಿಳೀತೈತಿ. ಆದ್ರ ಮತ್ತ ಅಲ್ಲಿ ಸಿಕ್ಕೊಂಡ್ರ ಮೈ ಒಣಾ ಉಳೀಬೇಕು. ಹ್ಯಾಂಗ ಉಳೀತೈತಿ ಅಂತ ನನ್ನ ಕಣ್ಣಿಗೆ ತೋರಸ್ರಿ. ಆಮ್ಯಾಲೆ ಕಳಸ್ತೀನಿ.”

ಅದು ನ್ಯಾಯವಾದ ಷರತ್ತು. ನಾನು ಒಪ್ಪಿಕೊಂಡು ಬಂದೆ.

ನಾನು ಕೆಲಸವನ್ನು ಕ್ರಮವಾಗಿ ಆರಂಭಿಸಿದೆ. ಟಿಳಕವಾಡಿಯಲ್ಲಿ ಆಗ ಹೊಸದಾಗಿ ತೆರೆದಿದ್ದ ಸೈಬರ್ ಕೆಫೆಯಲ್ಲಿ ನಾಲ್ಕು ಸಂಜೆ ಕುಳಿತು ಓದಿದೆ. ಪರ್ವತ ಹತ್ತುವವರು ಇಂಥ ಆಪತ್ತಿಗೆಂದೇ ಮುಷ್ಟಿಗಾತ್ರಕ್ಕೆ ಮಡಚಬಲ್ಲ ಚೀಲವೊಂದನ್ನು ಇಟ್ಟುಕೊಳ್ಳುತ್ತಾರೆಂದು ತಿಳಿಯಿತು. ಬಿಚ್ಚಿದರೆ ಆಳುದ್ದ, ಕಾಲಿನಿಂದ ಒಳಗೆ ಸೇರಿಕೊಳ್ಳಬೇಕು, ಒಳಮೈಯಲ್ಲಿ ಬೆಳ್ಳಿಯ ಬಣ್ಣದ ಲೇಪವಿದ್ದು ದೇಹದ ಶಾಖವನ್ನು ದೇಹಕ್ಕೇ ಹಿಂದಿರುಗಿಸುತ್ತದೆ. ಅದಕ್ಕೊಂದು ಕನ್ನಡದ ಹೆಸರು ಬೇಕೆನಿಸಿತು. ‘ಆಪತ್ಚೀಲ’ ಎಂದರೆ ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸದ ದೋಷ ತಟ್ಟುತ್ತದೆ. ‘ತುರ್ತುಚೀಲ’ ಎಂದು ಬರೆದುಕೊಂಡೆ.

ಪುಣೆಯ ಒಂದು ಅಂಗಡಿಗೆ ಪತ್ರ ಬರೆದೆ. ಅವರಲ್ಲಿ ಎರಡು ಬಗೆ ಇದ್ದವು. ಎರಡನ್ನೂ ಒಂದೊಂದರಂತೆ ಅಂಚೆಯಲ್ಲಿ ತರಿಸಿದೆ. ಮೊದಲನೆಯದು ಬರಿಯ ತೆಳುಹಾಳೆಯದು, ಹೊರಗೂ ಒಳಗೂ ಬೆಳ್ಳಿ. ಮುಟ್ಟಿದರೆ ಚರಚರ ಸದ್ದು. ಎರಡನೆಯದು ಸ್ವಲ್ಪ ದಪ್ಪನೆಯ ಬಟ್ಟೆಯಂಥದು, ಹೊರಗೆ ಕಿತ್ತಳೆ ಬಣ್ಣ, ಒಳಗೆ ಬೆಳ್ಳಿ. ನಮ್ಮ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಬೆಳ್ಳಿಯದು ನೂರು ಗ್ರಾಮು ಮುಟ್ಟಲಿಲ್ಲ; ಕಿತ್ತಳೆಯದು ಇನ್ನೂರ ಐವತ್ತು.

“ಇದೇನ್ ಸರ, ಶ್ಯಾವಿಗಿಯೇನು?” ಎಂದು ಅಂಗಡಿಯವನು ಕೇಳಿದ.

“ಅಲ್ಲ. ಇದರಾಗ ಮನಷಾ ಮಲಗ್ತಾನ.”

ಆತ ತಕ್ಕಡಿಯನ್ನೂ ನನ್ನನ್ನೂ ಒಮ್ಮೆ ನೋಡಿ ಚೀಲವನ್ನು ಹಿಂದಕ್ಕೆ ಕೊಟ್ಟ.

ಒಂದು ಹಾಳೆಯಲ್ಲಿ ಅಂಕಪಟ್ಟಿಗೆ ಗೆರೆ ಎಳೆದೆ. ಭಾರಕ್ಕೆ ಇಪ್ಪತ್ತು, ನೀರು ತಡೆಯುವುದಕ್ಕೆ ಮೂವತ್ತು, ಬೆಚ್ಚಗಿಡುವುದಕ್ಕೆ ಮೂವತ್ತು, ಹರಿಯದೆ ಬಾಳುವುದಕ್ಕೆ ಇಪ್ಪತ್ತು. ನೀರು ತಡೆಯುವುದರಲ್ಲಿ ಸೋತರೆ ಉಳಿದ ಅಂಕಗಳು ಎಷ್ಟೇ ಇರಲಿ, ಅನುತ್ತೀರ್ಣ. ಗೆಳೆಯನ ಎದೆಯ ವಿಷಯದಲ್ಲಿ ಕೃಪಾಂಕಕ್ಕೆ ಎಡೆಯಿರಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ, ಮಳೆ ಸುರಿಯುತ್ತಿರುವಾಗಲೇ ಬೆಳ್ಳಿಯ ಚೀಲವನ್ನು ತೆಗೆದುಕೊಂಡು ಮಾಳಿಗೆ ಹತ್ತಿದೆ. ಮೆಟ್ಟಿಲ ಮಾಡಿನ ಕೆಳಗೆ ನಿಂತು ಚೀಲದೊಳಗೆ ಸೇರಿಕೊಂಡು, ಬಾಯಿಯನ್ನು ತಲೆಯ ಮೇಲಕ್ಕೆ ಎಳೆದು ಒಳಗಿನಿಂದ ಬಿಗಿಯಾಗಿ ಹಿಡಿದು, ಉರುಳುತ್ತ ಮಳೆಯ ನಡುವೆ ಹೋಗಿ ಮಲಗಿದೆ. ಎರಡು ಗಂಟೆ ಅಲುಗಾಡದೆ ಇರಬೇಕೆಂಬುದು ನಾನೇ ಮಾಡಿಕೊಂಡ ನಿಯಮ. ಒಂದು ಗಂಟೆಯೂ ಆಗಿರಲಿಕ್ಕಿಲ್ಲ, ಮೆಟ್ಟಿಲ ಮೇಲೆ ನನ್ನ ಹೆಂಡತಿಯ ಧ್ವನಿ ಕೇಳಿತು.

“ರೀ, ಬಾಜೂ ಮನಿ ಕಾಕು ಒದರಾಕತ್ತಾರ. ನಿಮ್ಮ ಮಾಳಗಿ ಮ್ಯಾಲೆ ಹೆಣಾ ಕಟ್ಟಿ ಒಗದಾರ ಅಂತ. ಒಂದೀಟು ಅಳ್ಳಾಡಿ ತೋರಸ್ರಿ ಅವರಿಗೆ.”

“ಅಳ್ಳಾಡಬಾರದು, ಪರೀಕ್ಷಾ ನಡದೈತಿ,” ಎಂದೆ ಒಳಗಿನಿಂದ.

“ಕಾಕು, ಮಾತಾಡಾಕತ್ತಾರ! ಜೀವಂತ ಅದಾರ!” ಎಂದು ಆಕೆ ಕೂಗಿ ಹೇಳಿ ಕೆಳಗಿಳಿದಳು.

ಎರಡು ಗಂಟೆಯ ಮೇಲೆ ಹೊರಬಂದು ನೋಡಿಕೊಂಡರೆ ಅಂಗಿಯ ಎದೆಯ ಭಾಗ, ಕೊರಳು, ತಲೆಗೂದಲು ಎಲ್ಲವೂ ತೇವ. ಚೀಲದ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು. ಎಲ್ಲಿಯೋ ರಂಧ್ರವಿದೆ ಎಂದು ತೀರ್ಮಾನಿಸಿದೆ. ಮರುದಿನ ಚೀಲಕ್ಕೆ ಒಂದು ಕೊಡ ನೀರು ತುಂಬಿ ಬಚ್ಚಲಿನಲ್ಲಿ ತೂಗುಹಾಕಿದೆ. ಸಂಜೆಯವರೆಗೆ ಒಂದು ತೊಟ್ಟೂ ಸೋರಲಿಲ್ಲ. ಒಳಗೆ ತುಂಬಿದ ನೀರು ಹೊರಗೆ ಬರುವುದಿಲ್ಲ, ಆದರೆ ಹೊರಗಿನ ನೀರು ಒಳಗೆ ಬರುತ್ತದೆ! ಎರಡೂ ಸಂಗತಿಗಳನ್ನು ಬರೆದಿಟ್ಟೆ. ಅವೆರಡನ್ನು ಹೊಂದಿಸುವ ಬುದ್ಧಿ ನನಗೆ ಹೊಳೆಯಲಿಲ್ಲ. ಬೆವರಿರಬಹುದೇ ಎಂದು ಯೋಚಿಸಿದೆ. ಬೆವರುವಷ್ಟು ಸೆಕೆ ಅಂದು ಇರಲಿಲ್ಲ. ಆಗಸ್ಟಿನಲ್ಲಿ ಕಿತ್ತಳೆ ಚೀಲವನ್ನೂ ಅದೇ ರೀತಿ ಪರೀಕ್ಷಿಸಿದೆ. ತೇವ ಕಡಿಮೆ, ಆದರೂ ತೇವವೇ. ಪಟ್ಟಿಯಲ್ಲಿ ಎರಡರ ಮುಂದೆಯೂ ಕೆಂಪು ಶಾಯಿಯಲ್ಲಿ ಅನುತ್ತೀರ್ಣ ಎಂದು ಬರೆದೆ. ಬರೆಯುವಾಗ ಕಟ್ಟೆಯ ಮೇಲೆ ಕುಳಿತ ಗೆಳೆಯ ಕಣ್ಣಮುಂದೆ ಬಂದ. ಪುಣೆಯ ಅಂಗಡಿಯಲ್ಲಿ ಮೂರನೆಯ ಬಗೆ ಇರಲಿಲ್ಲ.

ಸುದ್ದಿಯನ್ನು ಪತ್ರದಲ್ಲಿ ತಿಳಿಸುವುದು ಹೇಡಿತನವೆನಿಸಿತು. ಮುಂದಿನ ತಿಂಗಳ ಮೊದಲ ಭಾನುವಾರ ಎರಡೂ ಚೀಲಗಳನ್ನೂ ಅಂಕಪಟ್ಟಿಯನ್ನೂ ಕೈಚೀಲದಲ್ಲಿ ಹಾಕಿಕೊಂಡು ಖಾನಾಪುರದ ರೈಲು ಹತ್ತಿದೆ.

ಗೆಳೆಯ ಪಟ್ಟಿಯನ್ನು ದೂರ ಹಿಡಿದು ಓದಿದ. “ಮಾಸ್ತರ, ನೀವು ಮಾರ್ಕ್ಸ್ ಕೊಡಾಕ ಕುಂತ್ರ ದೇವರ್ನೂ ಫೇಲ್ ಮಾಡ್ತೀರಿ,” ಎಂದು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು, “ಇರ್ಲಿ ಬಿಡ್ರಿ. ಸ್ಟೇಶನ್ ತನಾ ನಡಿಯೂಣು,” ಎಂದ.

ವೈನಿ ಮಾತ್ರ ಬೆಳ್ಳಿಯ ಚೀಲವನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರ ತವರುಮನೆಯಲ್ಲಿ ಕುರಿ ಸಾಕಿ ಕಂಬಳಿ ನೇಯುತ್ತಿದ್ದರು. ನೆಯ್ದದ್ದು ಏನೇ ಇರಲಿ, ಬೆಳಕಿಗೆ ಹಿಡಿಯದೆ ಅವರು ಅಭಿಪ್ರಾಯ ಹೇಳುವವರಲ್ಲ.

“ತೂತಿಲ್ಲ ಇದಕ್ಕ,” ಎಂದರು. “ಮಾಸ್ತರ್ರ, ಹ್ಯಾಂಗ ಮಲಗಿದ್ರಿ? ಇಲ್ಲೇ ಮಲಗಿ ತೋರಸ್ರಿ.”

ಸಂಕೋಚವಾಯಿತು, ಆದರೆ ವಿಷಯ ಸಣ್ಣದಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿದರು. ನಾನು ಒಳಗೆ ಸೇರಿ, ಮೊದಲಿನಂತೆಯೇ ಬಾಯಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡು ಬಿಗಿಹಿಡಿದೆ. ಹೊರಗಿನಿಂದ ವೈನಿಯ ನಗು ಕೇಳಿತು. ಆಸ್ಪತ್ರೆಯ ದಿನಗಳ ನಂತರ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

“ಅಯ್ಯ, ಮುಸುಕ ಹಾಕ್ಕೊಂಡು ಮಲಗಿದ್ರೇನ್ರಿ? ಹೊಟ್ಟಿಯೊಳಗಿನ ಕೂಸೇನ್ರಿ ನೀವು?”

ಮುಖ ಹೊರಗೆ ಹಾಕಿ ಉತ್ತರ ಕೊಟ್ಟೆ. “ಮತ್ತ ಹ್ಯಾಂಗ ಮಲಗಬೇಕ್ರಿ, ವೈನಿ? ನಮ್ಮವ್ವ ಸಣ್ಣಂವಿದ್ದಾಗಿಂದ ಕೌದಿ ತಲಿ ತನಾ ಎಳದು ಮಲಗಸ್ಯಾಳ. ಬೆಳಗಾವಿ ಥಂಡಿಗೆ ಮುಸುಕಿಲ್ಲದ ನಿದ್ದಿ ಹತ್ತತೈತೇನು?”

“ಕೌದಿ ಉಸರ ಕುಡೀತೈತ್ರಿ, ಹಳೀ ಸೀರಿ ಅದು. ಈ ಪ್ಲಾಸ್ಟಿಕ್ ಎಲ್ಲಿ ಕುಡೀಬೇಕು? ನಿಮ್ಮ ಉಸರ ನಿಮ್ಮ ಮೈಮ್ಯಾಲೇ ಮಳಿಯಾಗಿ ಬಿದ್ದೈತಿ.” ಆಮೇಲೆ ಗಂಡನ ಕಡೆ ತಿರುಗಿ, “ನೀವರ ಹೇಳಬಾರದೇನು? ಕುರಿ ಕಾದ ಮನಿತನ!” ಎಂದರು.

“ನನಗ ಯಾರ ತೋರಿಸ್ಯಾರ? ಬರೇ ಮಾರ್ಕ್ಸ್ ತೋರಿಸಿದ್ರು,” ಎಂದ ಗೆಳೆಯ. ಆದರೆ ಅಷ್ಟರಲ್ಲಿ ಎದ್ದು ನಿಂತಿದ್ದ.

ಕುರಿಯ ಹಿಂಡಿನ ಜೊತೆ ಬಯಲಿನಲ್ಲಿ ಮಲಗುವವರು ಮೈಯನ್ನೆಲ್ಲ ಕಂಬಳಿಯಲ್ಲಿ ಸುತ್ತಿ, ಮೂಗು ಮತ್ತು ಕಿವಿಗಳನ್ನು ಮಾತ್ರ ಹೊರಗೆ ಬಿಡುತ್ತಾರಂತೆ. ಮುಸುಕು ಹಾಕಿದರೆ ತೋಳ ಬಂದದ್ದು ಕೇಳಿಸುವುದಿಲ್ಲವೆಂದು ವೈನಿಯ ತಂದೆ ಮಕ್ಕಳನ್ನೆಲ್ಲ ಬೈದು ಆ ರೂಢಿ ಕಲಿಸಿದ್ದರು. ಎರಡು ಸಲ ನಾನು ಮಳೆಯಲ್ಲಿ ಪರೀಕ್ಷಿಸಿದ್ದು ಚೀಲವನ್ನಲ್ಲ, ನನ್ನ ತಾಯಿ ಕಲಿಸಿದ ನಿದ್ದೆಯನ್ನು. ತಪ್ಪನ್ನು ಒಪ್ಪಿಕೊಳ್ಳಲು ನನಗೆ ಸಾಮಾನ್ಯವಾಗಿ ಸ್ವಲ್ಪ ಕಾಲ ಬೇಕಾಗುತ್ತದೆ. ಅಂದು ಬೇಕಾಗಲಿಲ್ಲ. ಪಟ್ಟಿಯನ್ನು ತೆಗೆದು ಎರಡೂ ಕೆಂಪು ಪದಗಳ ಮೇಲೆ ಗೆರೆ ಎಳೆದೆ.

ವೈನಿ ಅಷ್ಟಕ್ಕೇ ಬಿಡುವವರಲ್ಲ. ಅಂಗಳದಲ್ಲಿ ಗೆಳೆಯನನ್ನು ಬೆಳ್ಳಿಯ ಚೀಲದಲ್ಲಿ ಮಲಗಿಸಿ, ಮುಖ ಗಾಳಿಗೆ ತೆರೆದಿರುವಂತೆ ಒಂದು ಕೊಡೆಯನ್ನು ತಲೆಯ ಬಳಿ ಓರೆಯಾಗಿ ಇಟ್ಟು, ಎರಡು ಕೊಡ ನೀರು ಸುರಿದರು. ಮೈ ಒಣಗಿಯೇ ಇತ್ತು. ಆದರೆ ಆತ ಮಗ್ಗುಲಾದಾಗ ಅಂಗಳದ ಕಲ್ಲೊಂದಕ್ಕೆ ತಾಗಿ ಚೀಲ ಗೇಣುದ್ದ ಹರಿಯಿತು. ಅನಂತರ ಕಿತ್ತಳೆ ಚೀಲ. ಮತ್ತೆ ಎರಡು ಕೊಡ ನೀರು. ಜೊತೆಗೆ ಆಕಾಶದಿಂದ ಒಂದು ಜಡಿ. ವೈನಿಯೂ ನಾನೂ ಕಟ್ಟೆಯ ಮೇಲೆ ಕುಳಿತು ಕಾದೆವು. ಹತ್ತು ನಿಮಿಷಕ್ಕೆ ಒಳಗಿನ ಮಾತು ನಿಂತಿತು. ಇನ್ನೈದು ನಿಮಿಷಕ್ಕೆ ಗೊರಕೆ ಕೇಳಿತು. ವೈನಿ ಎದ್ದು ಹೋಗಿ, ಬಗ್ಗಿ, ಆತನ ಉಸಿರನ್ನು ಆಲಿಸಿದರು. ಏರಿಳಿತ ಸಮವಾಗಿತ್ತು. ಆಸ್ಪತ್ರೆಯಿಂದ ಬಂದಂದಿನಿಂದ ಆತ ಎರಡು ದಿಂಬಿಗೆ ಒರಗಿಯೇ ಮಲಗುತ್ತಿದ್ದನೆಂದು ಅವರು ನನಗೆ ಹೇಳಿದ್ದು ಆಗ.

ಕೈಯನ್ನು ಚೀಲದ ಒಳಗೆ ತೂರಿಸಿ ಗಂಡನ ಎದೆ, ಬೆನ್ನು ಮುಟ್ಟಿ ನೋಡಿದರು. ಒಣಗಿತ್ತು.

“ಇದೇ ಇರ್ಲಿ,” ಎಂದರು.

ನಾನು ಭಾರದ ಅಂಕಣವನ್ನು ತೋರಿಸಿದೆ. “ಬೆಳ್ಳೀದು ಇದರ ಅರ್ಧಾನೂ ತೂಕಿಲ್ರಿ. ಹರೀಲಾರದಂಗ ಹಾಸಿಕೊಂಡು…”

“ಹರೀತು, ನೀವ ನೋಡಿದ್ರಿ. ಮತ್ತ ಇದು ಕೇಸರಿ ಬಣ್ಣ, ಗುಡ್ಡದ ಆ ಕಡಿಂದನೂ ಕಾಣಸ್ತೈತಿ. ಹುಡುಕಾಕ ಹೋದಾವರಿಗೆ ಸಿಗಬೇಕೋ ಬ್ಯಾಡೋ?”

ನನ್ನ ಪಟ್ಟಿಯಲ್ಲಿ ಆ ಅಂಕಣವೇ ಇರಲಿಲ್ಲ. ಹುಡುಕಿಕೊಂಡು ಹೋಗುವವರ ಕಡೆಯಿಂದ ನಾನು ಆ ಚೀಲವನ್ನು ಒಮ್ಮೆಯೂ ನೋಡಿರಲಿಲ್ಲ. ಅವರು ಹತ್ತು ತಿಂಗಳಿಂದ ಅಲ್ಲಿಂದಲೇ ನೋಡುತ್ತಿದ್ದರು.

“ಇಂಥದೇ ಇನ್ನೊಂದು ತರಸ್ರಿ,” ಎಂದು ಸೇರಿಸಿದರು. “ಒಂದೇ ಇದ್ರ ಇವರು ಮತ್ತ ನಿಮಗ ಕೊಡ್ತಾರ.”

ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆ; ಮತ್ತೆ ಎತ್ತಿ, “ತರಸ್ತೀನ್ರಿ,” ಎಂದೆ.

ಗೆಳೆಯ ಎಚ್ಚರಗೊಂಡು ಮುಖದ ಮೇಲಿನ ಹನಿ ಒರೆಸಿಕೊಳ್ಳುತ್ತ, “ಏನಾತು? ಪಾಸೋ, ನಪಾಸೋ?” ಎಂದು ಕೇಳಿದ.

“ಎರಡನೇದು ಬರೂತನಾ ತಡೀರಿ,” ಎಂದರು ವೈನಿ. “ಬಂದ ಮ್ಯಾಲೆ ಹೋಗ್ರಿ. ಬುತ್ತಿ ನಾ ಕಟ್ಟಿಕೊಡ್ತೀನಿ.”

ಆತ ಚೀಲದಿಂದ ಹೊರಬರುವ ಅವಸರದಲ್ಲಿ ಎಡವಿದ. ನಾನು ಅಂಕಪಟ್ಟಿಯ ಹಿಂಬದಿಯಲ್ಲಿಯೇ ಪುಣೆಯ ಅಂಗಡಿಗೆ ಪತ್ರದ ಕರಡನ್ನು ಬರೆದೆ: ಕಿತ್ತಳೆ ಬಣ್ಣದ್ದು, ಇನ್ನೊಂದು. ಕೆಳಗೆ ದಿನಾಂಕ ಹಾಕಿದೆ: ಸೆಪ್ಟೆಂಬರ್ ೨, ೨೦೦೧, ಭಾನುವಾರ.